ಕೈ ಎತ್ತಿದರೆ ಗಂಟೆ

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ವಾರಕ್ಕೆ ನಾಲ್ಕು ದಿನ, ಸಂಜೆ ನಾಲ್ಕಕ್ಕೆ ಸರಿಯಾಗಿ ಎಂಟು ಮಕ್ಕಳು ಎಂಟು ಕೈಗಂಟೆ ಹಿಡಿದು ಸಾಲಾಗಿ ಕೂರುತ್ತಿದ್ದರು. ಕಲಿಸುವವಳಿಗೆ ಆ ಬೀದಿಯಲ್ಲಿ ಗಂಟೆ ಟೀಚರ್ ಎಂದೇ ಹೆಸರು. ವಯಸ್ಸು ನಲವತ್ತಾರು, ಒಂಟಿ ಹೆಂಗಸು, ಎಡಗಿವಿ ಕಲ್ಲು. ಕಿವಿ ಕೇಳದವಳು ಸಂಗೀತ ಕಲಿಸುತ್ತಾಳಂತೆ ಎಂದು ಬೆನ್ನ ಹಿಂದೆ ಕಿಸಿಯುವವರು ಇದ್ದರು. ಕಿಸಿಯಲಿ, ಹಲ್ಲಿಗೇನು ಬಾಡಿಗೆ ಕೊಡಬೇಕೇ? ಆ ಕಿವಿ ಹೋದದ್ದು ಹೇಗೆ ಎಂದು ಒಬ್ಬರಾದರೂ ಕೇಳಿದ್ದರೆ ಅವರ ನಗು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಅವಳ ಅಪ್ಪ ಬ್ಯಾಂಡ್ ಮಾಸ್ತರ್. ಹನ್ನೆರಡು ಜನರ ವಾದ್ಯಗಾರರ ತಂಡ, ಕೆಂಪು ಕೋಟು, ಹಿತ್ತಾಳೆ ಗುಂಡಿ. ಹೊರಗಡೆ ಅವನ ಮರ್ಯಾದೆಯೇ ಮರ್ಯಾದೆ. ಮನೆಯೊಳಗೆ ಕಾಲಿಟ್ಟರೆ ಡ್ರಮ್ಮಿನ ಕೋಲು ಮಕ್ಕಳ ಬೆನ್ನ ಮೇಲೆ. ಸಿಟ್ಟು ನೆತ್ತಿಗೇರಿ ಕಣ್ಣು ಕಾಣದೆ ಹೊಡೆಯುವವರು ಇದ್ದಾರೆ. ಹೊಡೆದ ಮೇಲೆ ಅಳುವವರೂ ಇದ್ದಾರೆ. ಈ ಮಹಾರಾಯ ಆ ಜಾತಿಯವನಲ್ಲ. ಬಾಯಲ್ಲಿ ಎಣಿಸುತ್ತಾ ಹೊಡೆಯುತ್ತಿದ್ದ, ಒಂದು, ಎರಡು, ಮೂರು, ನಾಲ್ಕು, ಲಯ ಒಂದಿಷ್ಟೂ ತಪ್ಪದಂತೆ. ಅಡ್ಡ ಬಂದ ಅಮ್ಮನಿಗೆ ಬೂಟುಗಾಲು. ಒಂದು ಸಲ ಅವಳ ಎರಡು ಪಕ್ಕೆಲುಬು ಮುರಿದು, ಮೆಟ್ಟಿಲಿಂದ ಜಾರಿದೆ ಎಂದು ಅವಳೇ ಡಾಕ್ಟರಿಗೆ ಹೇಳಿದಳು. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ.

ಮಗಳಿಗೆ ಎಂಟು ವರ್ಷವಾದಾಗ ಅಕಾರ್ಡಿಯನ್ ಕಲಿಸಲು ಕೂರಿಸಿದ. ಒತ್ತಿದ ಕೀಲಿ ಒಂದು ತಪ್ಪಿದರೆ ಬೆರಳ ಗೆಣ್ಣಿಗೆ ಒಂದು ಏಟು. ಭಯಕ್ಕೆ ಆ ಮಗುವಿಗೆ ಬಿಳಿಯ ಕೀಲಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಆಗ ಅವಳೊಂದು ಉಪಾಯ ಹುಡುಕಿದಳು. ಅಮ್ಮ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಕೆಂಪು ಉಗುರುಬಣ್ಣದಿಂದ ಮೊದಲ ಸ್ವರದ ಕೀಲಿಗೆ ಒಂದು ಚುಕ್ಕೆ, ಶಾಲೆಯ ನೀಲಿ ಶಾಯಿಯಿಂದ ಇನ್ನೊಂದಕ್ಕೆ, ಅಣ್ಣನ ಚಿತ್ರಕಲೆ ಡಬ್ಬಿಯಿಂದ ಹಳದಿ, ಹಸಿರು. ನೋಟುಬುಕ್ಕಿನಲ್ಲಿ ಹಾಡಿನ ಸಾಲುಗಳ ಕೆಳಗೂ ಅದೇ ಬಣ್ಣದ ಚುಕ್ಕೆಗಳು. ಒಂಬತ್ತು ದಿನ ಒಂದು ತಪ್ಪೂ ಇಲ್ಲ, ತಪ್ಪನ್ನು ಕಿವಿಯಲ್ಲೇ ಹಿಡಿಯುತ್ತಿದ್ದ ಅಪ್ಪ ಕೀಲಿಗಳತ್ತ ಬಗ್ಗಿ ನೋಡಲೂ ಇಲ್ಲ. ಅಪ್ಪ ಬೀಗಿ, ಬ್ಯಾಂಡಿನವರಿಗೆ ತೋರಿಸಲೆಂದು ಅವರನ್ನು ಮನೆಗೆ ಕರೆದ. ಹತ್ತನೆಯ ದಿನ, ಅವರೆಲ್ಲರ ಎದುರಿಗೆ, ಕ್ಲಾರಿನೆಟ್ಟಿನವನು ಬಗ್ಗಿ ನೋಡಿ, "ಏನ್ ಮಾಸ್ತರೇ, ಕೀಲಿಗೆಲ್ಲ ಸಿಡುಬು ಎದ್ದಿದೆ!" ಅಂದುಬಿಟ್ಟ. ಎಲ್ಲರೂ ನಕ್ಕರು.

ಅವರು ಹೋಗುವವರೆಗೆ ಅಪ್ಪ ಕಾದ. ಬಾಗಿಲು ಹಾಕಿ ಬಂದವನು, "ನನಗೇ ಮೋಸ ಮಾಡ್ತೀಯಾ?" ಎಂದು ಅಂಗೈಯಿಂದ ಎಡಗಿವಿಗೆ ಬಿಗಿದ. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಅಷ್ಟಕ್ಕೇ ಬಿಟ್ಟನೇ? ಕೈಗೊಂದು ಬ್ಲೇಡು ಕೊಟ್ಟು, ಚುಕ್ಕೆಗಳನ್ನು ಒಂದೊಂದಾಗಿ ಕೆರೆದು ತೆಗೆಯುವವರೆಗೆ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಅವಳು ಕೆರೆದಳು. ಲಂಗದ ಮೇಲೆ ಬಿದ್ದದ್ದರಲ್ಲಿ ಯಾವುದು ಉಗುರುಬಣ್ಣ, ಯಾವುದು ರಕ್ತ ಎಂದು ಅಮ್ಮನಿಗೆ ಒಗೆಯುವಾಗ ಗೊತ್ತಾಗಲಿಲ್ಲ. ಅಣ್ಣನಿಗೆ ಆಗ ಹದಿನಾರು. ಮಾರನೆಯ ದಿನ ಅಪ್ಪನ ತಲೆಗೆ ಅದೇ ಕುರ್ಚಿಯಿಂದ ಬಾರಿಸಿ, ಹಾಕಿಕೊಂಡ ಬಟ್ಟೆಯಲ್ಲೇ ಮನೆ ಬಿಟ್ಟು ಓಡಿ, ಕೊನೆಗೆ ಲಾರಿ ಡ್ರೈವರ್ ಆದ.

ಅವಳು ಬೆಳೆದಳು, ಆಟಿಕೆ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಸಂಗೀತದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಮೂವತ್ತು ತುಂಬಿದ ವರ್ಷ ಒಂದು ದಿನ ಮೂಲೆ ಜಜ್ಜಿದ ಪೆಟ್ಟಿಗೆಯೊಂದು ಅವಳ ಮೇಜಿಗೆ ಬಂತು. ಬಿಚ್ಚಿ ನೋಡಿದರೆ ಎಂಟು ಗಂಟೆಗಳು: ಕೆಂಪು, ಕಿತ್ತಳೆ, ಹಳದಿ, ಹಸಿರು, ಆಕಾಶನೀಲಿ, ನೇರಳೆ, ಗುಲಾಬಿ, ಕೊನೆಗೆ ಮತ್ತೊಂದು ಪುಟ್ಟ ಕೆಂಪು. ಜೊತೆಗೆ ಒಂದು ಹಾಡಿನ ಪುಸ್ತಕ. ಪದಗಳ ಕೆಳಗೆ ಅವೇ ಬಣ್ಣದ ಚುಕ್ಕೆಗಳು! ಅವಳ ಮೈಯೆಲ್ಲ ಉರಿದುಹೋಯಿತು. ಯಾವುದಕ್ಕಾಗಿ ತನ್ನ ಕಿವಿ ಹೋಯಿತೋ ಅದನ್ನು ಯಾರೋ ಪೆಟ್ಟಿಗೆಯಲ್ಲಿ ತುಂಬಿ, ಮೇಲೊಂದು ನಗುವ ಮಗುವಿನ ಚಿತ್ರ ಅಂಟಿಸಿ ಮಾರುತ್ತಿದ್ದಾರೆ! ಗೋದಾಮಿನ ನೆಲದ ಮೇಲೆ ಕುಳಿತು, ಮೇಲ್ವಿಚಾರಕ ಬಂದು ಗದರುವವರೆಗೆ ಅತ್ತಳು. ಸಂಜೆ ಆ ಜಜ್ಜಿದ ಪೆಟ್ಟಿಗೆಯನ್ನು ತಾನೇ ಕೊಂಡು, ಎದೆಗೆ ಅವಚಿಕೊಂಡು ಮನೆಗೆ ಹೋದಳು. ಪಾಠ ಶುರುವಾದದ್ದು ಹಾಗೆ.

ಹಾಡಿನ ಪುಸ್ತಕಗಳನ್ನು ಮುಂದೆ ಅವಳೇ ಮಾಡತೊಡಗಿದಳು. ದಪ್ಪ ಕಾಗದ, ಬಾಟಲಿ ಮುಚ್ಚಳ ಇಟ್ಟು ಎಳೆದ ವೃತ್ತಗಳು, ಒಳಗೆ ಬಣ್ಣ, ಹೊಲಿಗೆ ಹಾಕಿದ ಬೆನ್ನು. ಹಾಡುಗಳೂ ಅವಳವೇ. 'ಆನೆ ಬಂತು, ದಾರಿ ಬಿಡಿ. ಇರುವೆ ಬಂತು, ಎದ್ದು ನಿಲ್ಲಿ' ಎಂಬಂಥವು. ಮಕ್ಕಳನ್ನು ಅವಳು ಅವರ ಗಂಟೆಯ ಬಣ್ಣದಿಂದಲೇ ಕರೆಯುತ್ತಿದ್ದಳು. "ಕಿತ್ತಳೆ, ಮೂಗು ಒರೆಸ್ಕೋ. ನೇರಳೆ, ಹಿಡಿಕೆ ಕಚ್ಚಬೇಡ್ವೋ, ಅದು ತಿನ್ನೋದಲ್ಲ." ಬಾರಿಸಿದ ಮೇಲೆ ಗಂಟೆಯನ್ನು ಎದೆಗೆ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತದೆ, ಅದನ್ನು ಮೊದಲ ದಿನವೇ ಕಲಿಸುತ್ತಿದ್ದಳು.

ಅವಳ ಪಾಠದಲ್ಲಿ ಒಂದು ವಿಶೇಷವಿತ್ತು. ಒಂದೇ ಕಿವಿಯಾದ್ದರಿಂದ ಸದ್ದು ಯಾವ ಕಡೆಯಿಂದ ಬಂತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಲ್ಲವೂ ಕಣ್ಣಿಗೆ ಕಾಣುವಂತೆ ನಡೆಯಬೇಕು. ಹೊಸ ಹಾಡು ಕಲಿಸುವಾಗ ಯಾವ ಮಗುವಿನ ಸರದಿಯೋ ಅದರ ತಲೆಯ ಮೇಲೆ ಅವಳು ಅಂಗೈ ಎತ್ತಿ ಹಿಡಿಯುತ್ತಿದ್ದಳು. ಕೈ ಮೇಲಿದ್ದರೆ ಮಗು ಗಂಟೆಯನ್ನು ಭುಜದ ತನಕ ಎತ್ತಿ ಸಿದ್ಧವಾಗಬೇಕು. ಕೈ ಕೆಳಗಿಳಿದ ಕ್ಷಣ, ಠಣ್! ಆ ಕೈ ಎಂದೂ ಮಗುವಿಗೆ ತಾಕುತ್ತಿರಲಿಲ್ಲ, ಗಾಳಿಯಲ್ಲೇ ನಿಲ್ಲುತ್ತಿತ್ತು. ತನ್ನ ಕೋಣೆಯಲ್ಲಿ ಎತ್ತಿದ ಕೈ ಕಂಡರೆ ಮಕ್ಕಳು ನಗಬೇಕು. ಅವಳಿಗಿದ್ದದ್ದು ಇದೊಂದೇ ಆಸೆ. ಹದಿನಾರು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು.

ಎಲ್ಲ ಮಕ್ಕಳೂ ನಗುತ್ತಾ ಬರುತ್ತಾರೆಯೇ? ಹಳದಿ ಹಾಗೆ ಬರಲಿಲ್ಲ. ಆರು ವರ್ಷದ ಹುಡುಗಿ, ಬೇಕರಿಯಲ್ಲಿ ಕೆಲಸ ಮಾಡುವವಳ ಮಗಳು. ಕುಡಿದು ಬಂದು ಬೆಲ್ಟು ಬಿಚ್ಚುತ್ತಿದ್ದ ಗಂಡನಿಂದ ಆ ಹೆಂಗಸು ಮಗಳನ್ನು ಎತ್ತಿಕೊಂಡು ತಪ್ಪಿಸಿಕೊಂಡು ಬಂದು ಇನ್ನೂ ವರ್ಷವಾಗಿರಲಿಲ್ಲ. ಮೊದಲ ದಿನ ಟೀಚರ್ ಕೈ ಎತ್ತಿದ್ದೇ ತಡ, ಹಳದಿ ಮೇಜಿನ ಕೆಳಗೆ! ಟೀಚರ್ ಅವಳನ್ನು ಎಳೆಯಲಿಲ್ಲ, ಗದರಲಿಲ್ಲ. ಪುಸ್ತಕ, ಗಂಟೆ ಎರಡನ್ನೂ ಮೇಜಿನ ಕೆಳಗೇ ತಳ್ಳಿದಳು. ಎರಡನೇ ವಾರ ತಲೆ ಹೊರಗೆ ಬಂತು, ಐದನೇ ವಾರ ಕುರ್ಚಿಯ ಮೇಲೆ ಕುಳಿತಳು, ಮೂರು ತಿಂಗಳಿಗೆ ಎತ್ತಿದ ಕೈಯ ಕೆಳಗೆ ಕಣ್ಣು ಮುಚ್ಚದೆ ಕೂರಲು ಕಲಿತಳು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಇರುವೆಯ ಹಾಡಿನಲ್ಲಿ ಅವಳು ಗಂಟೆ ಬಾರಿಸಬೇಕಾದದ್ದು ಒಂದೇ ಸಲ, ಎರಡು ಸಲ ಬಾರಿಸುತ್ತಿದ್ದಳು.

"ಯಾಕಮ್ಮಾ ಎರಡು?"

"ಒಂದೇ ಇರುವೆ ಎಲ್ಲಾದ್ರೂ ಬರುತ್ತಾ ಟೀಚರ್? ಅದ್ರ ಫ್ರೆಂಡೂ ಬರುತ್ತೆ."

ಮಾತಿನಲ್ಲಿ ನ್ಯಾಯವಿತ್ತು. ಟೀಚರ್ ಹಳದಿಯ ಪುಸ್ತಕದಲ್ಲಿ ಇನ್ನೊಂದು ಹಳದಿ ಚುಕ್ಕೆ ಬರೆದುಕೊಟ್ಟಳು.

ಅಷ್ಟರಲ್ಲಿ ಟೀಚರ ಅಮ್ಮ ತೀರಿಕೊಂಡಳು. ಉಳಿದವನು ಎಪ್ಪತ್ತೈದರ ಅಪ್ಪ, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು, ಬಲಗೈ ಮಾತ್ರ ಕಬ್ಬಿಣ. ಅಣ್ಣ ಫೋನ್ ಮಾಡಿದ. "ನೀನೇ ಇಟ್ಕೋಮ್ಮ. ನನ್ನ ಮನೇಲಿ ಬಿಟ್ರೆ ಒಂದಿನ ನಾನೇ ಕತ್ತು ಹಿಸುಕಿಬಿಡ್ತೀನಿ. ತಮಾಷೆಗಲ್ಲ, ನಿಜವಾಗ್ಲೂ." ಅಣ್ಣ ಜೈಲು ಸೇರುವುದು ಬೇಡವೆಂದು ಅವಳು ಒಪ್ಪಿಕೊಂಡಳು. ಕರುಣೆ ಎಂದು ಯಾರೂ ಹಾಡಿ ಹೊಗಳಬೇಕಿಲ್ಲ. ಒಳಕೋಣೆ ತೋರಿಸಿ ಒಂದೇ ಕರಾರು ಹಾಕಿದಳು.

"ಅಪ್ಪಾ, ನಾಲ್ಕರಿಂದ ಐದೂವರೆ ತನಕ ಈ ಬಾಗಿಲು ದಾಟಬಾರ್ದು."

"ನಾನ್ಯಾಕೆ ದಾಟ್ಲಿ? ಬಣ್ಣ ನೋಡಿ ಬಾರಿಸೋದನ್ನ ಸಂಗೀತ ಅಂತ ಕೇಳೋಕೆ ನನಗೇನು ಹುಚ್ಚಾ?" ಅಂದ ಮುದುಕ.

ಒಂದೂವರೆ ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಮಂಗಳವಾರ, ಕೆಳಗೆ ಟೈರ್ ಅಂಗಡಿಯ ಗಾಳಿ ಯಂತ್ರ ಎಂದಿನಂತೆ ಬೊಬ್ಬೆ ಹಾಕತೊಡಗಿತು. "ಚುಕ್ಕೆ ಮೇಲೆ ಬೆರಳಿಟ್ಟು ಓದ್ತಿರಿ, ಬಂದೆ" ಎಂದು ಹೇಳಿ ಟೀಚರ್ ಕೆಳಗಿಳಿದಳು. ದಿನಾ ಇದ್ದದ್ದೇ. ಟೈರಿನವನು, "ಹತ್ತೇ ನಿಮಿಷ ಟೀಚರ್" ಎನ್ನುತ್ತಿದ್ದ, ಅವಳು, "ನಿಮ್ಮ ಹತ್ತು ನಿಮಿಷಕ್ಕೆ ನನ್ನ ಇನ್ನೊಂದು ಕಿವೀನೂ ಹೋಗುತ್ತೆ" ಎನ್ನುತ್ತಿದ್ದಳು, ಅವನು ನಗುತ್ತಾ ಯಂತ್ರ ನಿಲ್ಲಿಸುತ್ತಿದ್ದ. ಅಂದೂ ನಿಲ್ಲಿಸಿದ. ಯಂತ್ರ ನಿಂತದ್ದೇ ತಡ, ಮೇಲಿನಿಂದ ಗಂಟೆಗಳು ಕೇಳಿಸಿದವು. ಮಕ್ಕಳು ತಾವೇ ಹಾಡು ಶುರುಮಾಡಿದ್ದರು. ಆನೆ ಬಂತು, ಇರುವೆ ಬಂತು, ಹಳದಿ ಎರಡು ಸಲ. ಆಮೇಲೆ ಒಂದು ಗಂಡು ದನಿ: "ತಪ್ಪು. ಮತ್ತೆ."

ಅದು ಅಪ್ಪನ ದನಿ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಹಾಡು ಮತ್ತೆ ಮೊದಲಾಗಿತ್ತು. ಬಾಗಿಲಿಗೆ ಬಂದಾಗ ಅಪ್ಪ ಹಳದಿಯ ಮುಂದೆ ನಿಂತಿದ್ದ. ಹಳದಿ ಇರುವೆಗೆ ಒಂದು, ಅದರ ಫ್ರೆಂಡಿಗೆ ಒಂದು ಎಂದು ಬಾರಿಸಿ, ಹೊಸ ತಾತನಿಗೆ ತನ್ನ ತಮಾಷೆ ಗೊತ್ತಾಯಿತೇ ಎಂದು ಮುಖ ಎತ್ತಿ ನೋಡುತ್ತಿದ್ದಳು. ಮುದುಕ ಬಲಗೈ ಎತ್ತಿದ.

ಬೇರೆ ಯಾವ ಮಗುವಾದರೂ ತಲೆ ತಗ್ಗಿಸುತ್ತಿತ್ತು, ಮೊಣಕೈ ಅಡ್ಡ ಹಿಡಿಯುತ್ತಿತ್ತು. ಈ ಮಗು ಮೂರು ತಿಂಗಳು ಕಷ್ಟಪಟ್ಟು ಅದನ್ನು ಮರೆತಿತ್ತು. ತಲೆಯ ಮೇಲೆ ಅಂಗೈ ಕಂಡದ್ದೇ ಹಳದಿಯ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿ, ಗಂಟೆಯನ್ನು ಭುಜದ ತನಕ ಎತ್ತಿ, ಆ ಕೈ ಇಳಿಯುವುದನ್ನೇ ನಗುತ್ತಾ ಕಾದಳು. "ಬೇಡಾ!" ಎಂದು ಟೀಚರ್ ಕಿರುಚಿದಳು. ಕೈ ಇಳಿಯಿತು. ಏಟು, ಗಂಟೆ ಎರಡೂ ಒಟ್ಟಿಗೇ ಕೇಳಿಸಿದವು.

ಮಗು ಕುರ್ಚಿ ಸಮೇತ ಉರುಳಿತು. ಮೇಜಿನ ಅಂಚು ತಾಕಿ ತುಟಿ ಸೀಳಿತು, ಮುಂದಿನ ಹಾಲುಹಲ್ಲು ನೆಲದ ಮೇಲೆ ಬಿತ್ತು. ಅಳಲಿಲ್ಲ. ಬಾಯಿ ತುಂಬ ರಕ್ತ ಇಟ್ಟುಕೊಂಡು ಬಾಗಿಲಲ್ಲಿದ್ದ ಟೀಚರನ್ನು ನೋಡಿತು, ತಾನು ಮಾಡಿದ್ದು ಸರಿಯೇ ಇತ್ತಲ್ಲ ಎನ್ನುವಂತೆ.

ಮುಂದೆ ನಡೆದದ್ದನ್ನು ಸಿಹಿ ಸವರಿ ಹೇಳಿ ಪ್ರಯೋಜನವಿಲ್ಲ. ಅವಳು ಅಪ್ಪನ ಅಂಗಿಯ ಕೊರಳು ಹಿಡಿದು ಗೋಡೆಗೆ ಅಪ್ಪಳಿಸಿದಳು. ಅಂಗೈ ಬೀಸಿ ಅವನ ಎಡಗಿವಿಗೆ ಹೊಡೆದಳು. ಮುದುಕ ಕುಸಿದು, ಕಿವಿ ಮುಚ್ಚಿಕೊಂಡು, ನಿಜವಾದ ಆಶ್ಚರ್ಯದಿಂದ ಕೇಳಿದ: "ಕಿವಿಗೆ ಯಾಕೆ ಹೊಡೀತೀಯೇ? ಕಿವಿಗೆ ಯಾರಾದ್ರೂ ಹೊಡೀತಾರಾ?"

ಅವನಿಗೆ ನೆನಪೇ ಇರಲಿಲ್ಲ! ಮೂವತ್ತೆಂಟು ವರ್ಷ ಅವಳು ಹೊತ್ತು ತಿರುಗಿದ್ದು ಅವನ ತಲೆಯಿಂದ ಯಾವತ್ತೋ ಉದುರಿಹೋಗಿತ್ತು. ಅವಳಿಗೆ ಕಣ್ಣು ಕತ್ತಲೆಯಾಯಿತು. ಮತ್ತೆ ಹೊಡೆದಳು. ಮುಖಕ್ಕೆ, ಕಿವಿಗೆ, ಮೂಗಿಗೆ. ಅಡ್ಡ ತಂದ ಬಲಗೈಯನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ತುಳಿದಳು. ಒಣ ಕಡ್ಡಿ ಮುರಿದ ಹಾಗೆ ಮಣಿಕಟ್ಟು ಮುರಿದದ್ದು ಅವಳ ಒಂದೇ ಕಿವಿಗೂ ಚೆನ್ನಾಗಿ ಕೇಳಿಸಿತು. ಆಗಲೂ ನಿಲ್ಲಿಸಲಿಲ್ಲ. ಟೈರಿನವನು ಓಡಿಬಂದು ಹಿಂದಿನಿಂದ ತಬ್ಬಿ ಎಳೆದ. "ಬಿಡ್ರೀ ಟೀಚರ್! ಸತ್ತೇ ಹೋಗ್ತಾನೆ ಮುದುಕ! ಮಕ್ಕಳು ನೋಡ್ತಿದಾವೆ, ಬಿಡ್ರೀ!"

ಅವಳು ತಿರುಗಿದಳು. ಏಳು ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಒಂದು ಸದ್ದೂ ಬರದಂತೆ ಗಂಟೆಗಳನ್ನು ಎದೆಗೆ ಅವಚಿ ಹಿಡಿದಿದ್ದವು. ಮುದುಕನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಕೈಯ ಮೇಲಿತ್ತು. ಪುಟ್ಟ ಕೆಂಪಿನ ಚಡ್ಡಿ ಒದ್ದೆಯಾಗಿತ್ತು.

ಬೇಕರಿಯವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮಗಳ ಬಾಯಿ ನೋಡಿದವಳೇ ನೇರ ಬಂದು ಟೀಚರ್ ಕೆನ್ನೆಗೆ ಬಾರಿಸಿದಳು. ಟೀಚರ್ ತಡೆಯಲಿಲ್ಲ. ನಡೆದದ್ದೆಲ್ಲವನ್ನೂ, ತಾನು ಮಾಡಿದ್ದನ್ನೂ ಸೇರಿಸಿ, ಒಂದೂ ಮುಚ್ಚಿಡದೆ ಹೇಳಿದಳು.

"ಅವಳ್ಯಾಕೆ ತಪ್ಪಿಸ್ಕೊಳ್ಳಲಿಲ್ಲ?" ಬೇಕರಿಯವಳು ಮಗಳನ್ನು ಎತ್ತಿಕೊಂಡು ಕೇಳಿದಳು. "ಅವರಪ್ಪ ಭುಜ ಅಲ್ಲಾಡಿಸಿದ್ರೆ ಸಾಕು, ಮಂಚದ ಕೆಳಗೆ ಹೋಗಿರ್ತಿದ್ಲು. ಅಷ್ಟು ಚುರುಕಿದ್ಲು. ಕೈ ಎತ್ತಿದವನ ಮುಂದೆ ನಗ್ತಾ ಕೂತಿದ್ಲಾ ನನ್ನ ಮಗಳು? ಏನ್ ಕಲಿಸಿಬಿಟ್ರಿ ನೀವು ಅವಳಿಗೆ?"

ಕೆನ್ನೆಯ ಏಟು ಎರಡು ದಿನಕ್ಕೆ ಹೋಯಿತು, ಈ ಮಾತು ಹೋಗಲಿಲ್ಲ.

ಪೊಲೀಸರು ಬಂದರು, ಬರೆದುಕೊಂಡರು, ಮುದುಕನ ವಯಸ್ಸು ನೋಡಿ ತಲೆ ಕೆರೆದುಕೊಂಡರು. ಮಗಳ ಮೇಲೂ ದೂರು ಕೊಡುತ್ತೀರಾ ಎಂದು ಅವನನ್ನು ಕೇಳಿದರೆ, "ಮಗಳು ಸ್ವಲ್ಪ ಸಿಟ್ಟಿನವಳು" ಅಂದನಂತೆ, ಭೂಪ. ಅಣ್ಣ ಲಾರಿ ನಿಲ್ಲಿಸಿ ಬಂದು ಅವನನ್ನು ಆಸ್ಪತ್ರೆಯಿಂದ ನೇರ ವೃದ್ಧಾಶ್ರಮಕ್ಕೆ ಸೇರಿಸಿದ. ಹೋಗುವಾಗ ತಂಗಿಯ ಬೆನ್ನು ತಟ್ಟಿ, "ನಾನು ಕುರ್ಚಿ ತಗೊಂಡಿದ್ದೆ, ನೀನು ಬರೀ ಕೈಯಲ್ಲೇ ಮುಗಿಸ್ದೆ, ಭೇಷ್" ಅಂದ. ಅವಳು ಅವನನ್ನು ಬೈದು ಕಳಿಸಿದಳು. ಬಾಗಿಲು ಹಾಕಿ ಎರಡು ವಾರ ಸುಮ್ಮನೆ ಕುಳಿತಳು. ಕೆಳಗೆ ಟೈರಿನವನು ನಾಲ್ಕು ಗಂಟೆಗೆ ತಾನಾಗಿಯೇ ಯಂತ್ರ ನಿಲ್ಲಿಸುತ್ತಿದ್ದ. ಯಾರೂ ಬರದ ಮೇಲೆ ಮತ್ತೆ ಹಾಕುತ್ತಿದ್ದ.

ಮೂರನೆಯ ವಾರ ಐವರು ಬಂದರು. ಅವರಲ್ಲಿ ಹಳದಿಯೂ ಇದ್ದಳು, ತುಟಿಯ ಮೇಲೆ ಹೊಲಿಗೆಯ ಗುರುತು, ಹಲ್ಲಿನ ಜಾಗದಲ್ಲಿ ಕಿಟಕಿ. ಹಿಂದೆಯೇ ಬೇಕರಿಯವಳು.

"ತಟ್ಟೆ, ಲೋಟ, ಡಬ್ಬಿ ಎಲ್ಲ ಬಾರಿಸಿ ನನ್ನ ತಲೆ ತಿಂತಾಳೆ, ತಡೆಯೋಕಾಗ್ಲಿಲ್ಲ. ನಾನು ಇಲ್ಲೇ ಬಾಗಿಲ ಹತ್ರ ಕೂತಿರ್ತೀನಿ. ನಿಮ್ಮ ಕೈ ಮೇಲೇ ಕಣ್ಣಿಟ್ಟಿರ್ತೀನಿ, ಬೇಜಾರು ಮಾಡ್ಕೋಬೇಡಿ."

"ಇಡಿ. ಇಡಲೇಬೇಕು" ಅಂದಳು ಟೀಚರ್.

ಐವರೂ ತಮ್ಮ ತಮ್ಮ ಗಂಟೆ ತೆಗೆದುಕೊಂಡು ಕುಳಿತರು. ಟೀಚರ್ ಪುಸ್ತಕ ತೆರೆದು, ಅಭ್ಯಾಸದಂತೆ ಹಳದಿಯ ತಲೆಯ ಮೇಲೆ ಕೈ ಎತ್ತಿದಳು. ಕುರ್ಚಿ ಖಾಲಿ. ಹಳದಿ ಮೇಜಿನ ಕೆಳಗಿದ್ದಳು. ನೇರಳೆ ತಲೆಯನ್ನು ಭುಜದೊಳಗೆ ಎಳೆದುಕೊಂಡಿದ್ದ, ಕಿತ್ತಳೆ ಕಣ್ಣು ಮುಚ್ಚಿದ್ದಳು. ಹದಿನಾರು ವರ್ಷದಲ್ಲಿ ಕಟ್ಟಿದ್ದನ್ನು ಮುರಿದದ್ದು ಅಪ್ಪ ಒಬ್ಬನೇ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಲಕ್ಕೆತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು. ಬೇಕರಿಯವಳು ಎದ್ದು ನಿಂತಳು.

ಟೀಚರ್ ನೆಲದ ಮೇಲೆ ಕುಳಿತಳು. ಹಳದಿ ಗಂಟೆಯನ್ನು ತಾನು ತೆಗೆದುಕೊಂಡಳು. ಮೇಜಿನ ಕೆಳಗೆ ಬಗ್ಗಿ, "ಇವತ್ತು ನೀನು ಟೀಚರ್, ನಾನು ಹಳದಿ. ಬಂದು ಕೈ ಎತ್ತು" ಅಂದಳು.

ಮೇಜಿನ ಕೆಳಗಿನಿಂದ ಮೊದಲು ಎರಡು ಕಣ್ಣು ಇಣುಕಿದವು. ಆಮೇಲೆ ಹಳದಿ ತೆವಳಿಕೊಂಡು ಹೊರಗೆ ಬಂದಳು, ಲಂಗ ಕೊಡವಿದಳು, ನೆಲದಲ್ಲಿ ಕುಳಿತ ಟೀಚರ್ ಮುಂದೆ ಗತ್ತಿನಿಂದ ನಿಂತಳು. ಅವಳ ತಲೆಯ ಮೇಲೆ ಪುಟ್ಟ ಅಂಗೈ ಎತ್ತಿದಳು.

ನಲವತ್ತಾರು ವರ್ಷದ ಹೆಂಗಸಿನ ಕುತ್ತಿಗೆ ತಾನಾಗಿಯೇ ಒಳಗೆ ಹೋಯಿತು. ಕಣ್ಣು ಬಿಗಿಯಾಗಿ ಮುಚ್ಚಿದವು. ಗಂಟೆ ಹಿಡಿಯದ ಕೈ ಹೋಗಿ ಎಡಗಿವಿಯನ್ನು ಮುಚ್ಚಿತು. ತನ್ನ ತಲೆಯ ಮೇಲೆ ಕೈ ಎತ್ತಲು ಇಷ್ಟು ವರ್ಷ ಯಾರಿಗೂ ಅವಳು ಬಿಟ್ಟೇ ಇರಲಿಲ್ಲ. ಹೀಗಾದೀತೆಂದು ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಮುಖ ಸುಟ್ಟುಹೋಗುತ್ತಿತ್ತು. ಆದರೂ ಕಣ್ಣು ತೆರೆಯಲಾಗಲಿಲ್ಲ.

"ಹೊಡೆಯಲ್ಲ ಟೀಚರ್" ಅಂದಳು ಹಳದಿ. "ಬಾರಿಸಿ."

ಅವಳು ಒಂದು ಕಣ್ಣು ತೆರೆದಳು. ಕೈ ಇನ್ನೂ ಮೇಲೆಯೇ ಇತ್ತು, ಕಾಯುತ್ತಿತ್ತು. ಅದು ಇಳಿದು ಗಾಳಿಯಲ್ಲೇ ನಿಂತ ಮೇಲೆ ಅವಳ ಗಂಟೆ ತಡವಾಗಿ, ಸಣ್ಣಗೆ ಠಣ್ ಎಂದಿತು. ಇದು ಸಾಲದೆಂದು ಹಳದಿ ಇನ್ನೊಮ್ಮೆ ಕೈ ಎತ್ತಿದಳು, ಕುತ್ತಿಗೆ ಇನ್ನೊಮ್ಮೆ ಒಳಗೆ ಹೋಯಿತು. ನೇರಳೆ, "ಈಗ ನಾನು, ಈಗ ನಾನು" ಎಂದು ಎದ್ದುಬಂದ. ಅಂದು ಬೇರೆ ಯಾವ ಪಾಠವೂ ನಡೆಯಲಿಲ್ಲ. ಐವರೂ ಸರದಿಯಲ್ಲಿ ಬಂದು ಅವಳ ತಲೆಯ ಮೇಲೆ ಕೈ ಎತ್ತಿ, ಅವಳು ಕಣ್ಣು ತೆರೆಯುವವರೆಗೆ ಇಳಿಸದೆ ನಿಂತರು.